ಮದುವೆ ಮನೆಗೆ ಹೊತ್ತೊಯ್ಯೋ ಲ್ಯಾಪ್‌ಟಾಪ್: ಸೆಕೆಂಡ್‌ಹ್ಯಾಂಡ್ ಮ್ಯಾಕ್‌ಬುಕ್ ಪ್ರೊ ಜೊತೆ ಎರಡು ಸೀಸನ್

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸದಾಗಿ ಬಂದ ಲ್ಯಾಪ್‌ಟಾಪ್‌ನ ರಿವ್ಯೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಇದು. ಎಂ1 ಪ್ರೊ ಚಿಪ್, 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ. ಹೊಸದಿದ್ದಾಗ ಬೆಲೆ 1,94,900 ರೂಪಾಯಿ ಇತ್ತು, ಆಗ ಅಂಗಡಿಯಲ್ಲಿ ಮುಟ್ಟಿ ನೋಡಿ ಸುಮ್ನೆ ವಾಪಸ್ ಬಂದಿದ್ದೆ. ಎರಡು ಮದುವೆ ಸೀಸನ್ ಹಿಂದೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 90,000ಕ್ಕೆ ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ಅಲ್ಲಿಂದೀಚೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಛತ್ರಗಳು, ಅಂಗಳದಲ್ಲಿ ಚಪ್ಪರ ಹಾಕಿ ಮಾಡೋ ಮನೆ ಮದುವೆಗಳು, ಮಧ್ಯೆ ಒಂದೆರಡು ಸಲ ಕಬಿನಿ, ಎಲ್ಲ ಕಡೆ ಫೋಟೊ ತೆಗೆಯೋಕೆ ಹೋಗೋ ನನ್ನ ಬೆನ್ನಿಗೇ ಇದೆ.

ಹೊಸದಾಗಿ ಕೆಲಸಕ್ಕೆ ಇಳಿದ ಹುಡುಗರು "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ" ಅಂತ ಕೇಳುತ್ತಾರೆ. ನಾನು ಬಾಯಿ ತೆಗೆಯೋ ಮೊದಲೇ ಐ7 ಪ್ರೊಸೆಸರ್, ಆರ್‌ಟಿಎಕ್ಸ್ ಗ್ರಾಫಿಕ್ಸ್ ಅಂತ ಅವರೇ ಶುರು ಮಾಡುತ್ತಾರೆ. ಸ್ಟುಡಿಯೋದಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿ. ಹೊರಗಡೆ ಶೂಟ್ ಇದ್ದಾಗ ಲ್ಯಾಪ್‌ಟಾಪ್‌ನಿಂದ ಬೇಕಾದದ್ದು ಬೇರೆ. ಕ್ಯಾಮೆರಾ ಕಾರ್ಡ್‌ನಲ್ಲಿರೋ ಫೋಟೊ ಬೇಗ, ಕ್ಷೇಮವಾಗಿ ಕೆಳಗಿಳಿಯಬೇಕು. ಕರೆಂಟ್ ಹೋದರೂ ಕೆಲಸ ನಿಲ್ಲಬಾರದು. ಪರದೆ ತೋರಿಸೋ ಬಣ್ಣ ಸುಳ್ಳು ಹೇಳಬಾರದು. ಪ್ರೊಸೆಸರ್ ಎಷ್ಟನೇ ಜನರೇಶನ್ ಅನ್ನೋದು ಇದೆಲ್ಲ ಆದಮೇಲಿನ ಮಾತು. ನಾನೂ ಇದನ್ನು ಮೊದಲೇ ತಿಳಿದುಕೊಂಡವನಲ್ಲ.

ಇದಕ್ಕೂ ಮುಂಚೆ ನನ್ನ ಹತ್ತಿರ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಇತ್ತು. ಕಂಪನಿ ಹೆಸರು ಬೇಡ, ತಪ್ಪು ನೋಡದೆ ತಗೊಂಡ ನನ್ನದೇ. ತೂಕ ಎರಡೂವರೆ ಕೆಜಿ ಹತ್ತಿರ, ಅದರ ಚಾರ್ಜರ್ ಅಂತೂ ಅರ್ಧ ಇಟ್ಟಿಗೆ. ಪ್ಲಗ್ ಹಾಕಿದರೆ ರಾಕ್ಷಸನ ಹಾಗೆ ಓಡುತ್ತಿತ್ತು, ಪ್ಲಗ್ ತೆಗೆದರೆ ಜ್ವರ ಬಂದ ಹಾಗೆ ಮಲಗುತ್ತಿತ್ತು. ಫೋಟೊ ಆರಿಸಿ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮ್ ತೆರೆದರೆ ಬ್ಯಾಟರಿ ಒಂದೂವರೆ ಗಂಟೆ, ಹೆಚ್ಚೆಂದರೆ. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಅದರ ಪರದೆ. ಸ್ಪೆಕ್ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ '45% ಎನ್‌ಟಿಎಸ್‌ಸಿ' ಅಂತ ಇತ್ತು, ನನಗೆ ಅದರ ಅರ್ಥವೇ ಗೊತ್ತಿರಲಿಲ್ಲ. ವೆಬ್‌ಗೆ, ಫೋಟೊಗೆ ಮಾಮೂಲಿಯಾಗಿ ಬಳಸೋ ಬಣ್ಣಗಳ ಗುಂಪು ಎಸ್‌ಆರ್‌ಜಿಬಿ, ಅದರಲ್ಲಿ ಇರೋ ಬಣ್ಣಗಳಲ್ಲಿ ಮೂರನೇ ಎರಡು ಭಾಗ ಕೂಡ ಸರಿಯಾಗಿ ತೋರಿಸದ ಪ್ಯಾನಲ್ ಅದು. ಅದರಲ್ಲೂ ಕೆಂಪು ತೀರಾ ಮಂಕು, ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ.

ನಮ್ಮ ಮದುವೆಗಳಲ್ಲಿ ಕೆಂಪಿಗಿಂತ ಮುಖ್ಯವಾದ ಬಣ್ಣ ಯಾವುದು ಹೇಳಿ. ಒಂದು ಮದುವೆಯಲ್ಲಿ ಹುಡುಗಿಯದು ಒಳ್ಳೆ ಕುಂಕುಮದ ಬಣ್ಣದ ರೇಷ್ಮೆ ಸೀರೆ. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಸೀರೆ ಸಪ್ಪೆ. ಸರಿ, ಕೆಂಪು ಸ್ವಲ್ಪ ಏರಿಸಿದೆ, ಇನ್ನೂ ಸಪ್ಪೆ, ಇನ್ನಷ್ಟು ಏರಿಸಿದೆ. ಆಲ್ಬಮ್ ಪ್ರಿಂಟ್ ಆಗಿ ಬಂದಾಗ ಸೀರೆಯಲ್ಲಿ ಮಡಿಕೆಯೂ ಇಲ್ಲ, ಜರಿಯ ಬುಟ್ಟವೂ ಇಲ್ಲ, ಬರೀ ಕೆಂಪು ಪೇಂಟ್ ಬಳಿದ ಹಾಗೆ. ಅರಿಶಿನ ಹಚ್ಚಿದ ಕೆನ್ನೆ ಕೂಡ ಬಿಸಿಲಲ್ಲಿ ಸುಟ್ಟ ಹಾಗೆ ಕೆಂಪಾಗಿತ್ತು. ಹುಡುಗಿಯ ಅಮ್ಮ ಬೈಯಲೂ ಇಲ್ಲ. "ನಾವು ತಗೊಂಡ ಸೀರೆ ಇದಲ್ಲ ಅಲ್ವೇನೋ ತಮ್ಮಾ" ಅಂತ ಆಲ್ಬಮ್ ಹಾಳೆ ಸವರಿದರು. 40 ಹಾಳೆಯ ಆಲ್ಬಮ್, ನನ್ನ ಕೈಯಿಂದಲೇ ಮತ್ತೆ ಪ್ರಿಂಟ್ ಹಾಕಿಸಿ ಕೊಟ್ಟೆ. ಆ ತಿಂಗಳೇ ಆ ಲ್ಯಾಪ್‌ಟಾಪ್ ಅಳಿಯನಿಗೆ ಮಾರಿದೆ. ಅವನು ಗೇಮ್ ಆಡಿಕೊಂಡು ಆರಾಮಾಗಿದ್ದಾನೆ.

ಹಾಗಾಗಿ ಈ ಮ್ಯಾಕ್‌ಬುಕ್‌ನ ವಿಷಯದಲ್ಲಿ ಮೊದಲು ಪರದೆಯ ಬಗ್ಗೆಯೇ ಹೇಳಬೇಕು. ಮಿನಿ ಎಲ್‌ಇಡಿ ಪರದೆ, ಪಿ3 ಅನ್ನೋ ಬಣ್ಣಗಳ ಗುಂಪು ಪೂರ್ತಿ ಇದೆ, ಅಂದರೆ ಎಸ್‌ಆರ್‌ಜಿಬಿಗಿಂತ ಅಗಲ. ಕುಂಕುಮ ಕುಂಕುಮದ ಹಾಗೇ ಕಾಣುತ್ತದೆ, ಮಾವಿನ ತೋರಣದ ಹಸಿರು ಹಸಿರಾಗಿಯೇ ಇರುತ್ತದೆ. ಆದರೆ ತಂದ ದಿನವೇ ಎರಡು ಕೆಲಸ ಮಾಡಿಕೊಳ್ಳಿ. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಟ್ರೂ ಟೋನ್ ಆಫ್ ಮಾಡಿ. ಕೋಣೆಯ ಬೆಳಕು ನೋಡಿ ಪರದೆಯನ್ನು ಹಳದಿಗೋ ನೀಲಿಗೋ ತಿರುಗಿಸೋ ಸೌಲಭ್ಯ ಅದು. ಓದೋಕೆ ಹಿತ, ಫೋಟೊ ತಿದ್ದೋಕೆ ಶತ್ರು. ರಾತ್ರಿ ಪರದೆಯನ್ನು ಹಳದಿ ಮಾಡೋ ನೈಟ್ ಶಿಫ್ಟ್ ಕೂಡ ಹಾಗೇ. ಎರಡನೆಯದು, ಅಲ್ಲೇ ರೆಫರೆನ್ಸ್ ಮೋಡ್‌ಗಳಿವೆ, ಅಂದರೆ ಒಂದೊಂದು ಕೆಲಸಕ್ಕೆ ಪರದೆಯನ್ನು ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳು. ಫೋಟೊಗ್ರಫಿಗೆ ಒಂದು, ಪ್ರಿಂಟ್‌ಗೆ ಒಂದು, ವೆಬ್‌ನ ಎಸ್‌ಆರ್‌ಜಿಬಿಗೆ ಒಂದು. ಮನೆಯಲ್ಲಿ ಕೂತು ಕೊನೆಯ ಸಲ ಬಣ್ಣ ನೋಡುವಾಗ ಇವು ಬಹಳ ಒಳ್ಳೆಯವು. ಹೊರಗಡೆ ಮಾತ್ರ ಬೇಡ. ಯಾಕೆಂದರೆ ಈ ಮೋಡ್‌ಗಳಲ್ಲಿ ಬ್ರೈಟ್‌ನೆಸ್ ಬೀಗ ಹಾಕಿದ ಹಾಗೆ ನಿಂತುಬಿಡುತ್ತದೆ, ಕೀ ಒತ್ತಿದರೂ ಏರುವುದಿಲ್ಲ. ಫೋಟೊಗ್ರಫಿ ಮೋಡ್‌ನಲ್ಲಿ 160 ನಿಟ್ಸ್ ಅಷ್ಟೆ, ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ. ಮೊದಲ ಸಲ ಚಪ್ಪರದಡಿ ಕೂತಾಗ ಪರದೆ ಹಾಳಾಯಿತು ಅಂತ ಎದೆ ಧಸಕ್ಕೆಂದಿತ್ತು.

ಮಾಮೂಲಿ ಮೋಡ್‌ನಲ್ಲಿ 500 ನಿಟ್ಸ್ ಬರುತ್ತದೆ. ಛತ್ರದ ಒಳಗೆ ಧಾರಾಳವಾಯಿತು, ಚಪ್ಪರದ ನೆರಳಲ್ಲಿ ಪರವಾಗಿಲ್ಲ, ನೇರ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಪರದೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಬಿಳಿ ಅಂಗಿ ಹಾಕಿ ಕೂತರೆ ಫೋಟೊದಲ್ಲಿ ಮದುಮಗಳ ಬದಲು ನಿಮ್ಮ ಅಂಗಿಯೇ ಕಾಣುತ್ತದೆ. ಶೂಟ್‌ಗೆ ಕಪ್ಪು ಟೀ ಶರ್ಟ್ ಹಾಕೋದು ಸ್ಟೈಲ್‌ಗಲ್ಲ ಅಂತ ನಮ್ಮ ಮನೆಯಲ್ಲಿ ಎಷ್ಟು ಹೇಳಿದರೂ ನಂಬುವುದಿಲ್ಲ. ಇನ್ನೊಂದು ಉಪಾಯ, ಮದುವೆ ಮನೆಯಲ್ಲಿ ನೀರಿನ ಬಾಟಲಿ ಬರೋ ರಟ್ಟಿನ ಡಬ್ಬಿ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಒಂದು ಬದಿ ಕತ್ತರಿಸಿ ಲ್ಯಾಪ್‌ಟಾಪ್ ಅದರೊಳಗಿಟ್ಟರೆ ಅದಕ್ಕಿಂತ ಒಳ್ಳೆ ನೆರಳು ದುಡ್ಡು ಕೊಟ್ಟರೂ ಸಿಗೋದಿಲ್ಲ. ಎಚ್‌ಡಿಆರ್‌ಗೆ, ಅಂದರೆ ಹೆಚ್ಚು ಬೆಳಕಿನ ವಿಡಿಯೊ, ಫೋಟೊಗೆ ಮೀಸಲಿಟ್ಟ ಬೆಳಕನ್ನು ಮಾಮೂಲಿ ಕೆಲಸಕ್ಕೂ ಬಿಡೋ ಸಣ್ಣ ಆಪ್‌ಗಳೂ ಇವೆ. ಒಮ್ಮೆ ಹಾಕಿ ನೋಡಿದೆ, ಪರದೆ ನಿಜವಾಗಿಯೂ ಬೆಳಗಿತು, ಬ್ಯಾಟರಿ ಕೂಡ ಹಾಗೇ ಉರಿದುಹೋಯಿತು.

ಇನ್ನು ಕಾರ್ಡ್ ಸ್ಲಾಟ್. ನನಗೆ ಈ ಲ್ಯಾಪ್‌ಟಾಪ್ ತಗೊಳ್ಳೋಕೆ ಅರ್ಧ ಕಾರಣ ಇದೇ. ನನ್ನ ಕ್ಯಾಮೆರಾ ಕ್ಯಾನನ್ ಆರ್6 ಮಾರ್ಕ್ 2, ಎರಡೂ ಸ್ಲಾಟ್ ಎಸ್‌ಡಿ, ಎರಡೂ ಯುಎಚ್‌ಎಸ್-2, ಅಂದರೆ ಎಸ್‌ಡಿ ಕಾರ್ಡ್‌ಗಳಲ್ಲಿ ವೇಗದ ಬಗೆ. ಒಂದು ಮದುವೆಯಲ್ಲಿ ದೇವರ ಕಾರ್ಯದಿಂದ ಹಿಡಿದು ಧಾರೆ, ಊಟದ ಪಂಕ್ತಿ, ಹೆಣ್ಣು ಒಪ್ಪಿಸೋವರೆಗೆ 2,500 ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡೋ ಮೂಲ ಫೈಲ್, ಆಗೋದು ಮಾಮೂಲು. ಒಂದಕ್ಕೆ 25 ಎಂಬಿ ಹಿಡಿದರೂ 60 ಜಿಬಿ ದಾಟಿತು. ಈ ಮ್ಯಾಕ್‌ಬುಕ್‌ನ ಸ್ಲಾಟ್ ಯುಎಚ್‌ಎಸ್-2, ಸೆಕೆಂಡಿಗೆ 250 ಎಂಬಿವರೆಗೆ ಓದುತ್ತದೆ. ವೇಗದ ಕಾರ್ಡ್ ಇದ್ದರೆ ಅಷ್ಟೂ ಫೋಟೊ ಐದಾರು ನಿಮಿಷದಲ್ಲಿ ಇಳಿಯುತ್ತವೆ. ಹಳೇ ಯುಎಚ್‌ಎಸ್-1 ರೀಡರ್ ಆದರೆ 10 ನಿಮಿಷದ ಮೇಲೆ. ಬಸ್ ಸ್ಟ್ಯಾಂಡ್ ಹತ್ತಿರ 150 ರೂಪಾಯಿಗೆ ಸಿಗೋ ಯುಎಸ್‌ಬಿ 2 ರೀಡರ್ ಆದರೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಎರಡನೇ ಪಂಕ್ತಿಯೂ ಎದ್ದಿರುತ್ತದೆ. ಊಟ ಬಿಟ್ಟು ಕಾರ್ಡ್ ಕಾಯೋ ಕೆಲಸ ಯಾರಿಗೆ ಬೇಕು. ಒಂದೇ ದೂರು ಅಂದರೆ ಕಾರ್ಡ್ ಪೂರ್ತಿ ಒಳಗೆ ಹೋಗೋದಿಲ್ಲ, ಅರ್ಧ ಹೊರಗೆ ಚಾಚಿಕೊಂಡಿರುತ್ತದೆ. ಹಾಗೇ ಬ್ಯಾಗಿಗೆ ತುರುಕಿದರೆ ಕಾರ್ಡ್ ಮುರಿಯುತ್ತದೆ.

ಇಳಿಸುವಾಗ ಲೈಟ್‌ರೂಮ್ ಕ್ಲಾಸಿಕ್‌ನ ಇಂಪೋರ್ಟ್ ಕಿಟಕಿಯಲ್ಲಿ ಎರಡನೇ ಕಾಪಿ ಇನ್ನೊಂದು ಕಡೆ ಹಾಕು ಅನ್ನೋ ಒಂದು ಟಿಕ್ ಇದೆ. ಅದನ್ನು ಎಷ್ಟೋ ಜನ ನೋಡಿಯೇ ಇಲ್ಲ. ಅದಕ್ಕೆ ಟಿಕ್ ಹಾಕಿ ಹೊರಗಿನ ಎಸ್‌ಎಸ್‌ಡಿ ತೋರಿಸಿದರೆ ಒಂದೇ ಓಟದಲ್ಲಿ ಎರಡು ಪ್ರತಿ ಸಿದ್ಧ. ಕ್ಯಾಮೆರಾದ ಎರಡು ಕಾರ್ಡ್‌ನಲ್ಲೂ ಒಂದೊಂದು ಪ್ರತಿ ಇರೋ ಹಾಗೆ ಸೆಟ್ ಮಾಡಿದ್ದೇನೆ, ಹಾಗಾಗಿ ಮನೆ ಮುಟ್ಟೋವರೆಗೆ ನಾಲ್ಕು ಪ್ರತಿ. ಎಸ್‌ಎಸ್‌ಡಿ ನನ್ನ ಜೇಬಲ್ಲಿ, ಲ್ಯಾಪ್‌ಟಾಪ್ ಕಾರಿನಲ್ಲಿ, ಕಾರ್ಡ್ ಅಸಿಸ್ಟೆಂಟ್ ಹುಡುಗನ ಸೊಂಟದ ಚೀಲದಲ್ಲಿ. ಅತಿ ಅನ್ನಿಸಬಹುದು. ಮದುವೆ ಎರಡನೇ ಸಲ ಮಾಡಿ ಅಂತ ಹೇಳೋಕಾಗಲ್ಲ ಅಲ್ವಾ. ಇನ್ನೊಂದು ಮಾತು, ಕಾರ್ಡ್‌ನಿಂದ ಕಟ್ ಮಾಡಿ ಪೇಸ್ಟ್ ಮಾಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಾಪಿ ಮಾಡಿ, ಮನೆಗೆ ಹೋಗಿ, ಎಲ್ಲ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

512 ಜಿಬಿ ಸಾಕಾ ಅಂತ ಕೇಳುತ್ತೀರಿ. ಸಾಲೋದಿಲ್ಲ. ಸಿಸ್ಟಮ್, ಫೋಟೊಶಾಪ್, ಲೈಟ್‌ರೂಮ್ ಎಲ್ಲ ಕೂತಮೇಲೆ ಐದಾರು ಮದುವೆಗೆ ಜಾಗ ಉಳಿಯುತ್ತದೆ. ಒಳಗಿನ ಎಸ್‌ಎಸ್‌ಡಿ ಬೋರ್ಡಿಗೇ ಕೂತಿದೆ, ಆಮೇಲೆ ಹೆಚ್ಚಿಸಿಕೊಳ್ಳೋ ಹಾಗಿಲ್ಲ, ಮೆಮೊರಿ ಕೂಡ ಅಷ್ಟೆ. ಹಳೇ ಕೆಲಸ ಎಲ್ಲ ಮನೆಯ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಸ್ಮಾರ್ಟ್ ಪ್ರಿವ್ಯೂ ಮಾತ್ರ ಇಟ್ಟುಕೊಳ್ಳುತ್ತೇನೆ. ಉದ್ದದ ಕಡೆ 2,560 ಪಿಕ್ಸೆಲ್ ಇರೋ ಪುಟ್ಟ ರಾ ಪ್ರತಿಗಳು ಇವು. ಮೂಲ ಫೈಲ್ ಮನೆಯಲ್ಲೇ ಇದ್ದರೂ ಬಸ್ಸಿನಲ್ಲಿ ಕೂತು ಬಣ್ಣ ತಿದ್ದಬಹುದು, ಮನೆಗೆ ಹೋಗಿ ಡಿಸ್ಕ್ ಸಿಕ್ಕಿಸಿದರೆ ತಿದ್ದಿದ್ದೆಲ್ಲ ಮೂಲಕ್ಕೆ ಕೂರುತ್ತದೆ.

ಕರೆಂಟ್ ವಿಷಯ. ಮಲೆನಾಡಿನಲ್ಲಿ ಜೂನ್ ತಿಂಗಳ ಮದುವೆ ಒಪ್ಪಿಕೊಂಡವರಿಗೆ ಹೇಳಬೇಕಾಗಿಲ್ಲ, ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಜನರೇಟರ್ ಇರುತ್ತದೆ, ಆದರೆ ಅದು ದೀಪಕ್ಕೆ, ಮೈಕಿಗೆ, ಮಿಕ್ಸಿಗೆ. ನಮ್ಮ ಚಾರ್ಜರ್‌ಗೆ ಪ್ಲಗ್ ಕೇಳೋಕೆ ಹೋದರೆ ಅಡುಗೆ ಭಟ್ಟರು ಮುಖ ನೋಡುತ್ತಾರೆ. ಈ ಮ್ಯಾಕ್‌ಬುಕ್ ಬ್ಯಾಟರಿಯಲ್ಲೂ ಪ್ಲಗ್‌ನಲ್ಲೂ ಒಂದೇ ವೇಗದಲ್ಲಿ ಓಡುತ್ತದೆ, ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡಿದ್ದು ಇಲ್ಲೇ. ನನ್ನದು ಹಳೇ ಬ್ಯಾಟರಿ, 88% ಆರೋಗ್ಯ ತೋರಿಸುತ್ತಿತ್ತು ತಂದಾಗ. ಆದರೂ ಲೈಟ್‌ರೂಮ್‌ನಲ್ಲಿ ಫೋಟೊ ಆರಿಸುತ್ತಾ ಕೂತರೆ ನಾಲ್ಕು ಗಂಟೆಗೆ ಮೋಸ ಇಲ್ಲ.

ಟೈಪ್-ಸಿಯಿಂದಲೂ ಚಾರ್ಜ್ ಆಗುತ್ತದೆ, ಹಾಗಾಗಿ ಕಾರಿನ ಲೈಟರ್ ಸಾಕೆಟ್‌ಗೆ ಹಾಕೋ 65 ವ್ಯಾಟ್ ಚಾರ್ಜರ್ ಒಂದು ಇಟ್ಟುಕೊಂಡಿದ್ದೇನೆ. ಸೊರಬದಿಂದ ಸಾಗರಕ್ಕೆ ಬರೋವಷ್ಟರಲ್ಲಿ ಸಾಕಷ್ಟು ಏರಿರುತ್ತದೆ. ಪವರ್ ಬ್ಯಾಂಕ್ ತಗೊಳ್ಳೋರು ಎಂಎಎಚ್ ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. ಫೋನ್‌ಗೆ ಅಂತ ಮಾಡಿದ 20 ವ್ಯಾಟ್‌ದು ಇದಕ್ಕೆ ಉಪಯೋಗವಿಲ್ಲ, 65 ಅಥವಾ 100 ವ್ಯಾಟ್ ಕೊಡೋದು ಬೇಕು. 20,000 ಎಂಎಎಚ್ ಅಂದರೆ ಲೆಕ್ಕದಲ್ಲಿ 74 ವ್ಯಾಟ್ ಅವರ್, ದಾರಿಯಲ್ಲಿ ಸೋರಿ ಹೋಗೋದು ಕಳೆದರೆ ಈ ಲ್ಯಾಪ್‌ಟಾಪ್‌ನ 70 ವ್ಯಾಟ್ ಅವರ್ ಬ್ಯಾಟರಿ ಒಂದು ಸಲ ಪೂರ್ತಿ ತುಂಬುವುದಿಲ್ಲ. ಆದರೂ ಧಾರೆಯಿಂದ ಆರತಕ್ಷತೆಗೆ ದಾಟೋಕೆ ಸಾಕು. ವಿಮಾನದಲ್ಲಿ ಹೋಗೋರಿದ್ದರೆ 100 ವ್ಯಾಟ್ ಅವರ್ ಒಳಗಿನದ್ದೇ ತಗೊಳ್ಳಿ, ಅದನ್ನೂ ಕೈಚೀಲದಲ್ಲೇ ಇಡಿ, ಚೆಕ್-ಇನ್ ಬ್ಯಾಗ್‌ಗೆ ಹಾಕುವ ಹಾಗಿಲ್ಲ.

ಮ್ಯಾಗ್‌ಸೇಫ್ ಬಗ್ಗೆ ಮೊದಲು ನಗುತ್ತಿದ್ದೆ, ಅಯಸ್ಕಾಂತದ ಚಾರ್ಜರ್‌ಗೆ ಇಷ್ಟು ಬಿಲ್ಡಪ್ಪಾ ಅಂತ. ಒಂದು ಮನೆ ಮದುವೆಯಲ್ಲಿ ಜಗಲಿಯ ಮೇಲೆ ಚಾರ್ಜ್‌ಗೆ ಇಟ್ಟು ಫೋಟೊ ಆರಿಸುತ್ತಿದ್ದೆ. ಮೂರು ಮಕ್ಕಳು ಮುಟ್ಟಾಟ ಆಡಿಕೊಂಡು ವೈರ್ ಮೇಲೇ ಓಡಿದವು. ವೈರ್ ಟಪ್ ಅಂತ ಬಿಟ್ಟುಕೊಂಡಿತು, ಲ್ಯಾಪ್‌ಟಾಪ್ ಅಲುಗಾಡಲಿಲ್ಲ. ಅಂಗಳ ಎರಡೂವರೆ ಅಡಿ ಕೆಳಗಿತ್ತು. ಅವತ್ತಿನಿಂದ ನಗೋದು ಬಿಟ್ಟೆ.

ಎಚ್‌ಡಿಎಂಐ ಇದೆ, ನೇರ. ಬೆಳಗ್ಗೆಯ ಧಾರೆ ಫೋಟೊ ಸಂಜೆಯ ಆರತಕ್ಷತೆಯ ಎಲ್‌ಇಡಿ ಪರದೆ ಮೇಲೆ ಬರಬೇಕು ಅಂತ ಈಗ ಎಲ್ಲರೂ ಕೇಳುತ್ತಾರೆ. ಎಲ್‌ಇಡಿಯವನು ಕೈಗೆ ಕೊಡೋದು ಎಚ್‌ಡಿಎಂಐ ವೈರ್, ಸಿಕ್ಕಿಸಿದರೆ ಮುಗೀತು. ಡಾಂಗಲ್ ಮರೆತು ಬಂದು ಪರದಾಡೋ ಗೋಳಿಲ್ಲ.

ವೇಗದ ಬಗ್ಗೆ ಜಾಸ್ತಿ ಹೇಳೋಕಿಲ್ಲ. 24 ಮೆಗಾಪಿಕ್ಸೆಲ್ ಫೈಲ್‌ಗಳಿಗೆ ಇವತ್ತಿಗೂ ಸಾಕು. ಲೈಟ್‌ರೂಮ್‌ಗೆ 2023ರಲ್ಲಿ ಬಂದ, ಮಂದ ಬೆಳಕಿನ ಫೋಟೊದ ಕಾಳು ಕಳೆಯೋ ಎಐ ಡಿನಾಯ್ಸ್ ಒಂದು ಫೋಟೊಗೆ ಅರ್ಧ ನಿಮಿಷದ ಆಸುಪಾಸು ತಗೊಳ್ಳುತ್ತದೆ. ನೂರು ಫೋಟೊಗೆ ಹಾಕಿ ಮಲಗಿದರೆ ಆಯಿತು. ಫ್ಯಾನ್ ಇದೆ, ಅಪರೂಪಕ್ಕೆ ಕೇಳುತ್ತದೆ. ಕಬಿನಿಯಲ್ಲಿ ಬೆಳಗಿನ ಸಫಾರಿ ಮುಗಿಸಿ ಬಂದಾಗ ಸಾವಿರಾರು ಫ್ರೇಮ್ ಇರುತ್ತವೆ, ಸೆಕೆಂಡಿಗೆ 40 ಹೊಡೆಯೋ ಕ್ಯಾಮೆರಾದ ಕರ್ಮ ಅದು. ಮಧ್ಯಾಹ್ನದ ಸಫಾರಿ ಒಳಗೆ ಆರಿಸಿ ಮುಗಿಸಬೇಕು. ಅಂಥ ಕಡೆ ಇಂಪೋರ್ಟ್ ಮಾಡುವಾಗ ಕ್ಯಾಮೆರಾದ ಒಳಗಿನ ಪ್ರಿವ್ಯೂವನ್ನೇ ಬಳಸು ಅಂತ ಹೇಳಿ, ಫೋಟೊಗಳು ಪಟಪಟ ಅಂತ ತಿರುಗುತ್ತವೆ.

ಇಷ್ಟು ಹೊಗಳಿದ ಮೇಲೆ ಬೈಗುಳವೂ ಇದೆ. ಒಂದು ಮದುವೆಯಲ್ಲಿ ಹುಡುಗನ ಅಣ್ಣ ದೊಡ್ಡ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದರು. "ನಾಳೆ ಬೆಳಗ್ಗೆ ಫ್ಲೈಟ್, ರಾ ಅಲ್ಲದಿದ್ದರೂ ಜೆಪೆಗ್ ಎಲ್ಲ ಇದಕ್ಕೆ ಹಾಕಿಕೊಡಿ." ಸಿಕ್ಕಿಸಿದೆ, ಒಳಗಿರೋದೆಲ್ಲ ಕಾಣುತ್ತದೆ, ಹೊಸದು ಮಾತ್ರ ಹಾಕೋಕಾಗಲ್ಲ. ಡಿಸ್ಕ್ ಎನ್‌ಟಿಎಫ್‌ಎಸ್, ವಿಂಡೋಸ್‌ನದ್ದು. ಮ್ಯಾಕ್ ಅದನ್ನು ಓದುತ್ತದೆ, ಬರೆಯೋದಿಲ್ಲ. ನನ್ನ ಹತ್ತಿರ ಎರಡೂ ಕಡೆ ನಡೆಯೋ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯ ಕಾಲೇಜು ಹುಡುಗನ ಲ್ಯಾಪ್‌ಟಾಪ್ ಬೇಡಿ ತಂದು ಕಾಪಿ ಹಾಕಿಕೊಟ್ಟೆ. ಈಗ ಬ್ಯಾಗ್‌ನಲ್ಲಿ ಎರಡು ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಕಾಯಂ.

ಇನ್ನೊಂದು ತಲೆನೋವು ಕನ್ನಡದ್ದು. ನಮ್ಮ ಕಡೆ ಆಲ್ಬಮ್ ಡಿಸೈನ್ ಮಾಡುವವರು ಹೆಚ್ಚಿನವರು ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಹಾಕಿಕೊಂಡು ಕೂತಿರೋರು. ನುಡಿ ಮ್ಯಾಕ್‌ನಲ್ಲಿ ಇಲ್ಲ. ಅವರು ಕಳಿಸೋ ಹಳೇ ಫಾಂಟ್‌ನ ಪಿಎಸ್‌ಡಿ ಇಲ್ಲಿ ತೆರೆದರೆ ಚಿ॥ ಸೌ॥ ಹೋಗಿ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡೋಕೆ ಮ್ಯಾಕ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಚೆನ್ನಾಗಿದೆ. ಆದರೆ ಫೋಟೊಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸದಿದ್ದರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಉದುರುತ್ತವೆ. ಲಕ್ಷ್ಮೀ ಅನ್ನೋ ಹೆಸರನ್ನು ಒಂದು ಗಂಟೆ ಕುಸ್ತಿ ಮಾಡಿ ಬರೆದಿದ್ದೇನೆ, ಈ ಸೆಟ್ಟಿಂಗ್ ಗೊತ್ತಾಗೋ ಮೊದಲು.

ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಇದನ್ನು ಮಾತ್ರ ಗಮನವಿಟ್ಟು ಓದಿ. ಬೆಂಗಳೂರಿನಲ್ಲಿ ಸಿಗೋ ಹಳೇ ಮ್ಯಾಕ್‌ಗಳಲ್ಲಿ ಐಟಿ ಕಂಪನಿಗಳಿಂದ ಹೊರಬಂದವು ಎಷ್ಟೋ ಇರುತ್ತವೆ. ಕೆಲವು ಇನ್ನೂ ಆ ಕಂಪನಿಯ ಹಿಡಿತದಲ್ಲೇ ಇರುತ್ತವೆ. ಅಂಗಡಿಯಲ್ಲಿ ಆನ್ ಮಾಡಿ ತೋರಿಸುವಾಗ ಎಲ್ಲ ಸರಿ, ನೀವು ಮನೆಗೆ ತಂದು ಅಳಿಸಿ ಹೊಸದಾಗಿ ಶುರು ಮಾಡಿದಾಗ ರಿಮೋಟ್ ಮ್ಯಾನೇಜ್‌ಮೆಂಟ್ ಅಂತ ಕಂಪನಿ ಹೆಸರು ಎದ್ದು ನಿಲ್ಲುತ್ತದೆ. ನಾನು ಹೋದ ಮೊದಲ ಅಂಗಡಿಯಲ್ಲಿ ಆಗಿದ್ದು ಇದೇ. ಪುಣ್ಯಕ್ಕೆ ದುಡ್ಡು ಕೊಡೋ ಮೊದಲು ಅಲ್ಲೇ ಕೂತು ಪೂರ್ತಿ ಅಳಿಸಿ, ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಹೊಸದಾಗಿ ಶುರು ಮಾಡಿಸಿದ್ದೆ. ಅಂಗಡಿಯವನು "ಅದೇನೂ ಆಗಲ್ಲ ಸಾರ್, ಸ್ಕಿಪ್ ಮಾಡ್ಬಹುದು" ಅಂದ. ಎದ್ದು ಬಂದೆ. ಎರಡನೇ ಅಂಗಡಿಯದ್ದು ಸ್ವಚ್ಛವಾಗಿತ್ತು. ಹಿಂದಿನ ಮಾಲೀಕರ ಆಪಲ್ ಅಕೌಂಟ್ ಲಾಕ್ ಇದೆಯಾ ಅನ್ನೋದೂ ಹೀಗೆ ಮಾಡಿದರೆ ಅಲ್ಲೇ ಗೊತ್ತಾಗುತ್ತದೆ. ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಪವರ್ ಅಂತ ಇರುತ್ತದೆ, ಬ್ಯಾಟರಿ ಎಷ್ಟು ಸೈಕಲ್ ಓಡಿದೆ ನೋಡಿ. ಈ ಬ್ಯಾಟರಿಗೆ 1,000 ಸೈಕಲ್ ಅಂತ ಲೆಕ್ಕ, ನನ್ನದು ತಂದಾಗ 310 ಇತ್ತು. ಆಮೇಲೆ ನಿಮ್ಮದೇ ಒಂದು ಕಾರ್ಡ್ ಒಯ್ದು ಸ್ಲಾಟ್‌ಗೆ ಹಾಕಿ ನೋಡಿ, ಪೂರ್ತಿ ಬಿಳಿ ಚಿತ್ರ, ಪೂರ್ತಿ ಕಪ್ಪು ಚಿತ್ರ ತೆರೆದು ಪರದೆ ನೋಡಿ.

ಎಲ್ಲರೂ ಇದನ್ನೇ ತಗೊಳ್ಳಿ ಅಂತ ನಾನು ಹೇಳೋದಿಲ್ಲ. ಚಾರಣ ಮಾಡಿಕೊಂಡು ಬೆಟ್ಟ, ಜಲಪಾತ ತೆಗೆಯೋರಿಗೆ ಮ್ಯಾಕ್‌ಬುಕ್ ಏರ್ ಸಾಕು. 2025ರ ಮಾರ್ಚ್‌ನಲ್ಲಿ ಬಂದ ಎಂ4 ಏರ್ ಬೆಲೆ ಆಗ 99,900ಕ್ಕೆ ಶುರುವಾಗುತ್ತಿತ್ತು, 16 ಜಿಬಿ ಮೆಮೊರಿ, ಒಂದೂಕಾಲು ಕೆಜಿ. ಕಾರ್ಡ್ ಸ್ಲಾಟ್ ಇಲ್ಲ, ಒಳ್ಳೆ ಯುಎಚ್‌ಎಸ್-2 ರೀಡರ್ ಜೊತೆಗೇ ತಗೊಳ್ಳಿ. ಫ್ಯಾನ್ ಕೂಡ ಇಲ್ಲ, ಸಾವಿರ ಫೋಟೊ ಒಟ್ಟಿಗೆ ಎಕ್ಸ್‌ಪೋರ್ಟ್ ಹಾಕಿದರೆ ಬಿಸಿಯಾಗಿ ನಿಧಾನ ಆಗುತ್ತದೆ. ಹಳೇ ಏರ್ ನೋಡೋರು ಹುಷಾರು, 2024ರ ಅಕ್ಟೋಬರ್‌ವರೆಗೆ ಕಡಿಮೆ ಬೆಲೆಯದಕ್ಕೆ 8 ಜಿಬಿ ಮೆಮೊರಿಯೇ ಬರುತ್ತಿತ್ತು, ಅದು ನಮ್ಮ ಕೆಲಸಕ್ಕೆ ಬೇಡ. ವಿಂಡೋಸ್ ಬಿಡಲಾಗದವರಿಗೆ ಒಎಲ್‌ಇಡಿ ಪರದೆಯ ಅಸುಸ್ ಪ್ರೋಆರ್ಟ್ ಪಿ16 ಚೆನ್ನಾಗಿದೆ, ಗೆಳೆಯನೊಬ್ಬ ಇಟ್ಟುಕೊಂಡಿದ್ದಾನೆ. ದೊಡ್ಡ ಎಸ್‌ಡಿ ಸ್ಲಾಟ್ ಅದರಲ್ಲೂ ಇದೆ, ಜೊತೆಗೆ 200 ವ್ಯಾಟ್ ಚಾರ್ಜರ್ ಹೊರಬೇಕು. ಅದಕ್ಕಿಂತ ಕಡಿಮೆ ಬಜೆಟ್ ಆದರೆ ಯಾವ ಕಂಪನಿಯದ್ದಾದರೂ ಸರಿ, '100% ಎಸ್‌ಆರ್‌ಜಿಬಿ' ಅಂತ ಬರೆದಿಲ್ಲದಿದ್ದರೆ ಅಂಗಡಿಯವನು ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ ಅನ್ನಿ.

ನನ್ನದರ ಬ್ಯಾಟರಿ ಈಗ 83% ತೋರಿಸುತ್ತಿದೆ. ಈ ಮಳೆಗಾಲ ಕಳೆದು ಬ್ಯಾಟರಿ ಬದಲಿಸಬೇಕು, ನವೆಂಬರ್‌ನಲ್ಲಿ ತುಳಸಿ ಮದುವೆ ಮುಗಿದ ಮೇಲೆ ಮತ್ತೆ ಸೀಸನ್ ಶುರುವಾಗೋದರೊಳಗೆ.